ಎಂಬತ್ತು ದಾಟಿದವರ ನೆನಪಿಗೆ ಅಳತೆಗೋಲು: ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಮಾನದಂಡ ಕಟ್ಟುವ ಕ್ರಮ

ಬೀಳಗಿ ಕಡೆಯ ಹಳ್ಳಿಯಲ್ಲಿ 88 ವರ್ಷದ ಅಜ್ಜಿಗೆ ಹತ್ತು ಶಬ್ದ ಹೇಳಿ, ಇಪ್ಪತ್ತು ನಿಮಿಷ ಬಿಟ್ಟು ಕೇಳಿದಿರಿ, ಆಕೆ ಎರಡು ಹೇಳಿದರು ಅಂತಿಟ್ಟುಕೊಳ್ಳಿ. ಇದು ಕಾಯಿಲೆಯ ಮರೆವೋ, ವಯಸ್ಸಿನ ಮರೆವೋ? ಆ ‘ಎರಡು’ ಎಂಬ ಅಂಕಿಯನ್ನು ಎಷ್ಟು ಹೊತ್ತು ನೋಡಿದರೂ ಉತ್ತರ ಸಿಗದು. ಶಾಲೆಗೆ ಹೋಗದ, ಮನೆಯಲ್ಲಿ ತಮ್ಮಷ್ಟಕ್ಕೆ ತಾವು ಚೆನ್ನಾಗಿಯೇ ಇರುವ, ಅದೇ ವಯಸ್ಸಿನ ಬೇರೆ ಅಜ್ಜಿಯರು ಎಷ್ಟು ಹೇಳುತ್ತಾರೆ ಎಂಬ ಕೋಷ್ಟಕ ಪಕ್ಕದಲ್ಲಿರಬೇಕು. ಅದೇ ಮಾನದಂಡ.

ಈ ಕೋಷ್ಟಕ ಸಿಗುವುದೇ ಕಷ್ಟ. ನಿಮ್ಹಾನ್ಸ್‌ನ 2004ರ ನರಮನೋವಿಜ್ಞಾನ ಪರೀಕ್ಷಾ ಮಾಲೆಯ ಮಾನದಂಡ 16ರಿಂದ 65 ವರ್ಷದವರಿಗೆ ಮಾತ್ರ. ಅಮೆರಿಕದಲ್ಲೂ ಹೀಗೇ ಇತ್ತು. ಅಲ್ಲಿನ ಹೆಸರಾಂತ ವೆಕ್ಸ್ಲರ್ ಸ್ಮೃತಿ ಮಾಪಕದ 1987ರ ಆವೃತ್ತಿ 74ಕ್ಕೆ ನಿಂತಿತ್ತು. 1992ರಲ್ಲಿ ಮೇಯೋ ವೈದ್ಯಕೀಯ ಸಂಸ್ಥೆಯವರು ಅದಕ್ಕಿಂತ ಹಿರಿಯರ ಮಾನದಂಡ ಪ್ರಕಟಿಸಿದ ಮೇಲೆ ಆ ಖಾಲಿ ಜಾಗ ಒಂದಿಷ್ಟು ತುಂಬಿತು. ಜಪಾನಿನವರಿಗಂತೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. 2024ರಲ್ಲಿ ಅಲ್ಲಿ ನೂರು ದಾಟಿದವರೇ 95,000ಕ್ಕಿಂತ ಹೆಚ್ಚಿದ್ದರು. ಅವರ ಕೆಲಸದಿಂದ ಕಲಿಯಬೇಕಾದ್ದು ಬಹಳ ಇದೆ, ಆದರೆ ಅವರ ಅಂಕಿಗಳನ್ನು ಮಾತ್ರ ಇಲ್ಲಿಗೆ ತರಬಾರದು. ಯಾಕೆ ಎನ್ನುವುದು ಮುಂದೆ ಓದಿದಂತೆ ತಿಳಿಯುತ್ತದೆ.

ಜಪಾನಿನ ಪರೀಕ್ಷೆ ಇಲ್ಲಿ ಎಲ್ಲಿ ಮುರಿಯುತ್ತದೆ

ಜಪಾನಿನಲ್ಲಿ ಬಹಳ ಬಳಕೆಯಲ್ಲಿರುವುದು ಹಾಸೆಗಾವಾ ಮಾಪಕ. ಕಜುವೊ ಹಾಸೆಗಾವಾ ಅದನ್ನು 1974ರಲ್ಲಿ ರೂಪಿಸಿದರು, 1991ರಲ್ಲಿ ಪರಿಷ್ಕೃತ ರೂಪ ಬಂತು. ಒಟ್ಟು 30 ಅಂಕ. 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಂದುವ ಕಾಯಿಲೆ, ಇರಬಹುದೆಂಬ ಶಂಕೆ. (ಈ ವೈದ್ಯರು 2017ರಲ್ಲಿ ತಮಗೇ ಡಿಮೆನ್ಷಿಯಾ ಬಂದಿದೆ ಎಂದು ಬಹಿರಂಗವಾಗಿ ಹೇಳಿಕೊಂಡರು.) ಈ ಮಾಪಕದಲ್ಲಿ ಬರೆಯುವ, ಚಿತ್ರ ಬಿಡಿಸುವ ಕೆಲಸವಿಲ್ಲ. ಕೈ ನಡುಗುವ, ಅಕ್ಷರ ಬಾರದ ಹಿರಿಯರಿಗೆ ಇದೊಂದು ದೊಡ್ಡ ಅನುಕೂಲ.

ಆದರೆ ಮೊದಲ ಪ್ರಶ್ನೆಯೇ ‘ನಿಮ್ಮ ವಯಸ್ಸೆಷ್ಟು?’ ಎರಡು ವರ್ಷ ಹೆಚ್ಚುಕಡಿಮೆ ಹೇಳಿದರೂ ಅಂಕ ಕೊಡುತ್ತಾರೆ. ಜಪಾನಿನಲ್ಲಿ ಪ್ರತಿ ಕುಟುಂಬಕ್ಕೂ ಸರಕಾರಿ ನೋಂದಣಿ ಇದೆ, ಹುಟ್ಟಿದ ದಿನ ಅದರಲ್ಲಿ ದಾಖಲಾಗಿರುತ್ತದೆ. ನಮ್ಮಲ್ಲಿ ಎಂಬತ್ತೈದರ ಅಜ್ಜನಿಗೆ ತನ್ನ ವಯಸ್ಸು ಗೊತ್ತಿಲ್ಲದಿರುವುದು ಮರೆವಲ್ಲ, ಅದು ಅವನಿಗೆ ಎಂದೂ ಗೊತ್ತಿರಲೇ ಇಲ್ಲ. ಈ ಪ್ರಶ್ನೆಯನ್ನು ಬಿಡಿ.

ಇನ್ನೊಂದು ಭಾಗ ಮೂರು ಶಬ್ದಗಳದ್ದು: ಸಕುರಾ ಹೂ, ಬೆಕ್ಕು, ವಿದ್ಯುತ್ ರೈಲು. ಒಂದು ಗಿಡ, ಒಂದು ಪ್ರಾಣಿ, ಒಂದು ವಾಹನ. ತಾನಾಗಿ ನೆನಪಿಸಿಕೊಂಡರೆ ಶಬ್ದಕ್ಕೆ 2 ಅಂಕ. ‘ಅದೊಂದು ಪ್ರಾಣಿ’ ಎಂದು ಸುಳಿವು ಕೊಟ್ಟ ಮೇಲೆ ಹೇಳಿದರೆ 1. ಈ ಉಪಾಯ ಬಹಳ ಒಳ್ಳೆಯದು, ಹಾಗೇ ಉಳಿಸಿಕೊಳ್ಳಿ. ಶಬ್ದಗಳನ್ನು ಮಾತ್ರ ಬದಲಿಸಬೇಕು, ಅಲ್ಲೇ ಎಡವುವುದು. ‘ಬೇವು, ಬೆಕ್ಕು, ಬಂಡಿ’ ಎಂದು ಹಾಕಿದರೆ ನೋಡಲು ಅಂದವಾಗಿದೆ, ಆದರೆ ಮೂರೂ ‘ಬ’ದಿಂದ ಶುರು. ಒಂದು ಸಿಕ್ಕರೆ ಅದರ ಹಿಂದೆ ಉಳಿದೆರಡೂ ಬರುತ್ತವೆ. ‘ಬೇವು, ಕುದುರಿ, ಸೈಕಲ್’ ಆದೀತು.

ಶಬ್ದಪಟ್ಟಿ ಮಾಡುವುದು

ಎಂಬತ್ತು ದಾಟಿದವರಿಗೆ ಹದಿನೈದು ಶಬ್ದದ ಪಟ್ಟಿ ಭಾರವಾಗುತ್ತದೆ. ಹತ್ತು ಶಬ್ದ, ಮೂರು ಸುತ್ತು, 20 ನಿಮಿಷದ ನಂತರ ಮತ್ತೆ ಒಂದು ಸಲ, ಕೊನೆಗೆ ಗುರುತಿಸುವಿಕೆ: ಇಷ್ಟು ಸಾಕು.

ಮೊದಲು ನಲವತ್ತು ಶಬ್ದ ಬರೆದುಕೊಳ್ಳಿ. ಕಣ್ಣಿಗೆ ಕಾಣುವ ವಸ್ತುವಾಗಿರಬೇಕು, ಎರಡು ಮೂರು ಅಕ್ಷರದ್ದಿರಬೇಕು. ನಿಪ್ಪಾಣಿಯಿಂದ ಇಂಡಿಯವರೆಗೆ ಎಲ್ಲರ ಬಾಯಲ್ಲೂ ಇರಬೇಕು. ಬೆಂಗಳೂರಿನಲ್ಲಿ ತಯಾರಾದ ಪಟ್ಟಿಯನ್ನು ಹಾಗೇ ಎತ್ತಿಕೊಂಡರೆ ‘ಕೊಡೆ’ ಎಂದಿರುತ್ತದೆ. ನಮ್ಮ ಹಿರಿಯರಿಗೆ ಅದು ಛತ್ರಿ. ಕಿವಿ ಮಂದವಿದ್ದವರು ‘ಕೊಡ’ ಎಂದು ಕೇಳಿಸಿಕೊಂಡು ನೀರಿನ ಕೊಡವನ್ನೇ ನೆನಪಿಟ್ಟುಕೊಳ್ಳುತ್ತಾರೆ. ‘ಬಾಚಣಿಗೆ’ ಇಲ್ಲಿ ಹಣಗಿ, ‘ಗಾಡಿ’ ಎಂದರೆ ಚಕ್ಕಡಿಯೋ ಮೋಟಾರೋ ತಿಳಿಯದು.

ಆಡುಮಾತಿಗೆ ಇಳಿಸಿದಾಗ ಇನ್ನೊಂದು ತೊಡಕು ಎದುರಾಗುತ್ತದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಾಗದದ ಮೇಲೆ ಕುದುರೆ, ಹಲಗೆ, ಮಳೆ, ಛತ್ರಿ, ಬಾವಿ ಎಂದು ಬರೆದಾಗ ಕೊನೆಯ ಸ್ವರಗಳು ಬೇರೆಬೇರೆ ಕಾಣುತ್ತವೆ. ಬಾಯಲ್ಲಿ ಹೇಳುವಾಗ ಕುದುರಿ, ಹಲಗಿ, ಮಳಿ, ಛತ್ರಿ, ಬಾವಿ: ಎಲ್ಲದರ ಕೊನೆಗೂ ‘ಇ’. ಪ್ರಾಸ ಕಟ್ಟಿಕೊಂಡು ಹಾಡಿನಂತೆ ನೆನಪಿಗೆ ಬರುತ್ತದೆ, ಇಲ್ಲವೇ ಒಂದು ಇನ್ನೊಂದರೊಳಗೆ ಬೆರೆತು ಹೋಗುತ್ತದೆ. ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಶಬ್ದ ‘ಇ’ಯಲ್ಲಿ ಮುಗಿಯದಂತೆ ನೋಡಿಕೊಳ್ಳಿ, ದೀಪ, ಮೊಸರು, ರೊಕ್ಕ, ಮೂಗು ತರಹದವನ್ನು ನಡುವೆ ಸೇರಿಸಿ. ಜೋಡಿ ಬೀಳುವ ಶಬ್ದಗಳೂ ಬೇಡ: ಹಗ್ಗ–ಬಾವಿ, ಗುಡಿ–ದೀಪ, ಎತ್ತು–ನೊಗ. ಮುಪ್ಪಿನ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರದ ಧ್ವನಿಗಳನ್ನು. ಸ, ಶ ಹೆಚ್ಚಿರುವ ಶಬ್ದಗಳನ್ನು ಕೈಬಿಡಿ.

ಉಳಿದ ಶಬ್ದಗಳನ್ನು ಮೂರೂ ಜಿಲ್ಲೆಗಳಲ್ಲಿ ತಲಾ ಹತ್ತು ಹಿರಿಯರಿಗೆ ಒಂದೊಂದಾಗಿ ಹೇಳಿ, ‘ಇದು ಏನ್ರಿ?’ ಎಂದು ಕೇಳಿ. ಮೂವತ್ತರಲ್ಲಿ ಇಬ್ಬರು ತಡವರಿಸಿದರೂ ಆ ಶಬ್ದ ಹೋಯಿತು. ಉಳಿದವುಗಳಲ್ಲಿ ಸಮಾನ ಕಷ್ಟದ ಎರಡು ಪಟ್ಟಿ ಮಾಡಿ, ಒಂದೇ ಓಣಿಯಲ್ಲಿ ಮನೆ ಬಿಟ್ಟು ಮನೆಗೆ ಬದಲಿಸಿ ಬಳಸಿ. ಒಂದೇ ಪಟ್ಟಿ ಹಿಡಿದು ಓಣಿಗೆ ಹೋದರೆ ಮೂರನೇ ಮನೆಗೆ ನೀವು ತಲುಪುವ ಮುನ್ನ ಶಬ್ದಗಳು ತಲುಪಿರುತ್ತವೆ. ಇದೇ ಕಾರಣಕ್ಕೆ ಅಂತಿಮ ಪಟ್ಟಿಯನ್ನು ಎಲ್ಲೂ ಬಹಿರಂಗವಾಗಿ ಹಾಕಬೇಡಿ.

ಕತೆ ಹೇಳಿ ಮರಳಿ ಹೇಳಿಸುವ ಪರೀಕ್ಷೆ ಸೇರಿಸುವುದಾದರೆ ಇಪ್ಪತ್ತರಿಂದ ಇಪ್ಪತ್ತೈದು ತುಣುಕಿನ ಕತೆ ಸಾಕು. ‘ಗೌರವ್ವ / ಎರಡು ಆಡು ತಗೊಂಡು / ಮಂಗಳವಾರ / ಸಂತಿಗೆ ಹೋದಳು’ ಎಂದು ಗೆರೆ ಎಳೆದು ಪ್ರತಿ ತುಣುಕಿಗೆ ಒಂದು ಅಂಕ. ನಿಜವಾದ ಊರಿನ ಸಂತೆ ಹೆಸರಿಸಬೇಡಿ. ಆ ಊರ ಸಂತೆ ಬುಧವಾರವಾಗಿದ್ದರೆ, ನೀವು ಮಂಗಳವಾರ ಎಂದರೂ ಅಜ್ಜ ತಿದ್ದಿ ಬುಧವಾರ ಎನ್ನುತ್ತಾನೆ. ನೆನಪು ಸರಿಯಿದ್ದೂ ಅಂಕ ಹೋಗುತ್ತದೆ. ಬನಶಂಕರಿ ಜಾತ್ರೆ, ಸಿದ್ಧೇಶ್ವರ ಜಾತ್ರೆ ತಂದರೆ ಉಲ್ಟಾ ತೊಂದರೆ: ಕತೆ ಮರೆತವರೂ ತಿಂಗಳನ್ನು ಊಹಿಸಿ ಅಂಕ ಗಳಿಸುತ್ತಾರೆ.

ವಯಸ್ಸು ಗೊತ್ತುಮಾಡುವುದು

ಐದು ವರ್ಷದ ಗುಂಪಿನ ಮಾನದಂಡ ಮಾಡುತ್ತಾ ವಯಸ್ಸೇ ಐದು ವರ್ಷ ತಪ್ಪಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದ್ದರೆ ಅದು ಅಂದಾಜಿನ ವರ್ಷ ಎಂದೇ ತಿಳಿಯಿರಿ. ಬಾಯಿಮಾತಿನ ವಯಸ್ಸು 80, 85, 90ಕ್ಕೆ ಗುಂಪುಗೂಡುತ್ತದೆ. ಪಿಂಚಣಿ ಪಗಾರಕ್ಕೆ ಬಂದವರು ಎಂದು ಭಾವಿಸಿದರೆ ವಯಸ್ಸು ಇನ್ನೂ ಮೇಲೇರುತ್ತದೆ. ‘ಪಗಾರಕ್ಕೂ ಇದಕ್ಕೂ ಸಂಬಂಧ ಇಲ್ರಿ’ ಎಂದು ಬಾಗಿಲಲ್ಲೇ ಹೇಳಿಬಿಡಿ.

ಘಟನೆಗಳ ಪಂಚಾಂಗ ಮಾಡಿಕೊಳ್ಳಿ: 1948ರ ಜನವರಿಯ ಗಾಂಧಿ ಹತ್ಯೆ, 1956ರಲ್ಲಿ ಮುಂಬೈ ರಾಜ್ಯದಿಂದ ಬಿಟ್ಟು ಮೈಸೂರು ರಾಜ್ಯ ಸೇರಿದ್ದು, 1964ರಲ್ಲಿ ಆಲಮಟ್ಟಿ ಅಣೆಕಟ್ಟಿನ ಅಡಿಗಲ್ಲು, 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ, 1972ರ ಬರ. ‘ಭೂಕಂಪ ಆದಾಗ ನಿಮಗ ಎಷ್ಟು ಮಕ್ಕಳಿದ್ರು? ಹಿರೇ ಮಗ ನಡೀತಿದ್ನೋ, ಸಾಲಿಗೆ ಹೋಗ್ತಿದ್ನೋ?’ ಎಂದು ಕೇಳಿ. ಇದರಿಂದ ಒಂದು ಲೆಕ್ಕ ಸಿಗುತ್ತದೆ. ಹಿರಿಯ ಮಗನ ಶಾಲಾ ದಾಖಲೆಯ ವಯಸ್ಸಿಗೆ ಮದುವೆಯ ಹೊತ್ತಿನ ವಯಸ್ಸು, ಮದುವೆಯಿಂದ ಹೆರಿಗೆವರೆಗಿನ ವರ್ಷ ಕೂಡಿಸಿದರೆ ಇನ್ನೊಂದು. ಎರಡರ ನಡುವೆ ಎರಡು ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಸರಾಸರಿ ತೆಗೆದುಕೊಳ್ಳಿ. ಹೆಚ್ಚಿದ್ದರೆ ಮೂರನೆಯ ಲೆಕ್ಕ ಹಾಕಿ. ಅದೂ ಹೊಂದದಿದ್ದರೆ ಆ ವ್ಯಕ್ತಿಯನ್ನು ಮಾನದಂಡಕ್ಕೆ ಸೇರಿಸಬೇಡಿ. ಈ ಲೆಕ್ಕಕ್ಕೆ ಬೇಕಾದ ಉತ್ತರಗಳನ್ನು ಮಗ, ತಮ್ಮ, ಓರಗೆಯವರಿಂದಲೂ ಪಡೆಯಿರಿ. ಹಿರಿಯರ ನೆನಪನ್ನೇ ನಂಬಿ ಅವರ ನೆನಪಿನ ಮಾನದಂಡ ಕಟ್ಟುವಂತಿಲ್ಲ.

ಓದನ್ನು ‘ಇದೆ, ಇಲ್ಲ’ ಎಂದು ಬರೆಯಬೇಡಿ, ವರ್ಷದಲ್ಲಿ ಬರೆಯಿರಿ. ಈ ಭಾಗದಲ್ಲಿ ಮುಂಬೈ ಸರಕಾರದ ಕಾಲದ ಕನ್ನಡ ಸಾಲಿ ಏಳನೇ ಇಯತ್ತೆಗೆ ಮುಗಿಯುತ್ತಿತ್ತು, ಅದೇ ಮುಲ್ಕಿ. ಮುಲ್ಕಿ ಪಾಸಾದ 88ರ ಅಜ್ಜನನ್ನು ಇಂದಿನ ಏಳನೇ ತರಗತಿಯವರ ಜೊತೆ ತೂಗಬೇಡಿ. ಅಂದು ಅಷ್ಟು ಓದಿದವರೇ ಮಾಸ್ತರರಾಗುತ್ತಿದ್ದರು. ಜಪಾನಿನಲ್ಲಿ ಆರು ವರ್ಷದ ಶಾಲೆ 1907ರಿಂದಲೇ ಕಡ್ಡಾಯ, 1947ರ ನಂತರ ಒಂಬತ್ತು ವರ್ಷ. ಅಲ್ಲಿ ಶಾಲೆಯನ್ನೇ ಕಾಣದ ಹಿರಿಯರು ವಿರಳ, ಇಲ್ಲಿ ಆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದೇ ಸಾಮಾನ್ಯ. ಅವರ 20ರ ಗೆರೆಯನ್ನು ಇಲ್ಲಿ ಎಳೆದರೆ ಅರ್ಧ ಊರೇ ರೋಗಿಯಾಗುತ್ತದೆ.

ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು

ಕೆಲಸದ ಜೀವಾಳ ಇದು. ಆಸ್ಪತ್ರೆಯ ಹೊರರೋಗಿ ವಿಭಾಗದಿಂದ ಜನರನ್ನು ಆರಿಸಿದರೆ ಕಾಯಿಲೆಯವರೇ ತುಂಬಿಕೊಳ್ಳುತ್ತಾರೆ. ನಿವೃತ್ತ ನೌಕರರ ಸಂಘಕ್ಕೆ ಹೋದರೆ ಓದಿದ ಗಂಡಸರೇ ಸಿಗುತ್ತಾರೆ. ಮತದಾರರ ಪಟ್ಟಿ, ಸಂಧ್ಯಾ ಸುರಕ್ಷಾ ಪಟ್ಟಿ, ಆಶಾ ಕಾರ್ಯಕರ್ತೆಯರ ಮನೆಪಟ್ಟಿ ಮೂರನ್ನೂ ಕೂಡಿಸಿ ಊರಿನ ಎಲ್ಲ ಎಂಬತ್ತು ದಾಟಿದವರ ಒಂದೇ ಪಟ್ಟಿ ಮಾಡಿ, ಅದರಿಂದ ಚೀಟಿ ಎತ್ತಿ. ಒಲ್ಲೆ ಎಂದವರನ್ನೂ ಹಾಸಿಗೆ ಹಿಡಿದವರನ್ನೂ ಲೆಕ್ಕದಲ್ಲಿ ಬರೆದಿಡಿ.

ಪಾರ್ಶ್ವವಾಯು, ಪಾರ್ಕಿನ್ಸನ್, ತಲೆಗೆ ದೊಡ್ಡ ಪೆಟ್ಟು, ತೀವ್ರ ಖಿನ್ನತೆ, ಹೊಸದಾಗಿ ಶುರುವಾದ ನಿದ್ದೆ ಗುಳಿಗೆ ಇದ್ದವರನ್ನು ಬಿಡಿ. ಕಳೆದ ಹದಿನೈದು ದಿನದಲ್ಲಿ ಜ್ವರ ಬಂದವರಿದ್ದರೆ ಒಂದು ತಿಂಗಳು ಬಿಟ್ಟು ಹೋಗಿ. ಆದರೆ ಬಿಪಿ, ಸಕ್ಕರೆ, ಮೊಣಕಾಲು ನೋವು ಇದ್ದವರನ್ನೆಲ್ಲ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವವರು ಗರಡಿ ಪೈಲ್ವಾನರಂಥ ನಾಲ್ವರು. ಅವರ ಮೇಲೆ ಕಟ್ಟಿದ ಮಾನದಂಡ ಬಿಗಿಯಾಗುತ್ತದೆ. ಸಾಮಾನ್ಯ ಅಜ್ಜ ಅದಕ್ಕೆ ತೂಗಿದರೆ ರೋಗಿ ಎನಿಸಿಕೊಳ್ಳುತ್ತಾನೆ. ಉಲ್ಟಾ ದಿಕ್ಕಿನಲ್ಲಿ, ಡಿಮೆನ್ಷಿಯಾ ಶುರುವಾದರೂ ಹೊರಗೆ ಕಾಣದವರು ಒಳಗೆ ಉಳಿದುಬಿಟ್ಟರೆ ಮಾನದಂಡ ಸಡಿಲವಾಗುತ್ತದೆ, ನಿಜವಾದ ರೋಗಿ ಪಾಸಾಗುತ್ತಾನೆ. ಎಂಬತ್ತೈದರ ನಂತರ ಈ ಎರಡನೆಯದೇ ದೊಡ್ಡ ಅಪಾಯ.

ಡಿಮೆನ್ಷಿಯಾ ಇದ್ದವರನ್ನು ತೆಗೆಯಲು ಯಾವ ನೆನಪಿನ ಪರೀಕ್ಷೆಗೆ ಮಾನದಂಡ ಕಟ್ಟುತ್ತಿದ್ದೀರೋ ಅದನ್ನೇ ಬಳಸಬಾರದು. ಕಡಿಮೆ ಅಂಕದವರನ್ನು ನೀವೇ ಹೊರಗಟ್ಟಿ, ಆಮೇಲೆ ‘ಕಡಿಮೆ ಅಂಕ ಅಪರೂಪ’ ಎಂದಂತಾಗುತ್ತದೆ. ಮನೆಯವರನ್ನು ದಿನನಿತ್ಯದ ಬಗ್ಗೆ ಕೇಳಿ. ‘ಅಡಿಗೆ ಮಾಡ್ತಾರಾ, ಬ್ಯಾಂಕಿಗೆ ಹೋಗ್ತಾರಾ’ ಎಂಬ ಪ್ರಶ್ನೆ ಇಲ್ಲಿ ನಡೆಯದು; ಸೊಸೆ ಬಂದ ಮೇಲೆ ಅತ್ತೆ ಒಲೆ ಬಿಟ್ಟು ನಲವತ್ತು ವರ್ಷವಾಗಿರುತ್ತದೆ. ನೂರರ ನೋಟು, ಐನೂರರ ನೋಟು ಬೇರ್ಪಡಿಸುತ್ತಾರಾ, ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರಾ, ಅದೇ ಮಾತನ್ನು ಗಳಿಗೆಗೊಮ್ಮೆ ಹೇಳುತ್ತಾರಾ, ಗುಡಿಯಿಂದ ಮನೆಗೆ ದಾರಿ ತಪ್ಪಿದ್ದಿದೆಯಾ, ಒಂದು ವರ್ಷದ ಹಿಂದೆ ಹೇಗಿದ್ದರು: ಇವನ್ನು ಕೇಳಿ. ಭಾರತದ ಹಳ್ಳಿಗರಿಗಾಗಿಯೇ ಮಾಡಿದ ದಿನನಿತ್ಯದ ಸಾಮರ್ಥ್ಯದ ಮಾಪಕವೂ ಇದೆ, ಅದನ್ನು ಬಳಸಬಹುದು. ಒಂದೂವರೆ ಎರಡು ವರ್ಷದ ನಂತರ ಎಲ್ಲರ ಮನೆಗೂ ಮತ್ತೆ ಹೋಗಿ ಬನ್ನಿ. ಆ ಹೊತ್ತಿಗೆ ಡಿಮೆನ್ಷಿಯಾ ಸ್ಪಷ್ಟವಾದವರ ಮೊದಲ ಅಂಕಗಳನ್ನು ತೆಗೆದು ಮತ್ತೆ ಲೆಕ್ಕ ಮಾಡಿದರೆ ಕೋಷ್ಟಕ ಗಟ್ಟಿಯಾಗುತ್ತದೆ.

ಮನೆಯಲ್ಲಿ ಪರೀಕ್ಷೆ

ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಏಪ್ರಿಲ್, ಮೇ ತಿಂಗಳ ವಿಜಯಪುರದ ಬಿಸಿಲಲ್ಲಿ ಈ ಕೆಲಸ ಬೇಡ. ಹಿಟ್ಟಿನ ಗಿರಣಿ ಪಕ್ಕದ ಮನೆಯಾದರೆ ಗಿರಣಿ ನಿಂತ ಹೊತ್ತು ಕೇಳಿಕೊಳ್ಳಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಹಾಕಿಸಿ. ಪಟ್ಟಿಯಲ್ಲಿಲ್ಲದ ಮೂರು ಶಬ್ದವನ್ನು ಒಂದು ಮೀಟರ್ ದೂರದಿಂದ ಹೇಳಿ, ಹಾಗೇ ತಿರುಗಿ ಹೇಳಿಸಿ. ಧ್ವನಿ ಏರಿಸಿದರೂ ತಿರುಗಿ ಹೇಳಲು ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೇಳಿಸದ ಶಬ್ದಕ್ಕೆ ಸೊನ್ನೆ ಹಾಕುವುದು ಮಹಾ ತಪ್ಪು. ಧ್ವನಿಮುದ್ರಣ ಹಾಕಿ ಕೇಳಿಸುವ ಬದಲು ಎದುರು ಕುಳಿತೇ ಓದಿ. ಈ ವಯಸ್ಸಿನವರು ಅರ್ಧ ಮಾತನ್ನು ತುಟಿ ನೋಡಿ ತಿಳಿಯುತ್ತಾರೆ.

ಸೂಚನೆ ಎಲ್ಲರಿಗೂ ಒಂದೇ ಇರಲಿ, ಅಚ್ಚು ಹಾಕಿಸಿಕೊಳ್ಳಿ: ‘ಅಜ್ಜಾರ, ನಾ ಹತ್ತು ಶಬ್ದ ಹೇಳತೀನ್ರಿ. ಲಕ್ಷ್ಯ ಕೊಟ್ಟು ಕೇಳ್ರಿ. ನಾ ಮುಗಿಸಿದ ಮ್ಯಾಲ ನೆನಪಿದ್ದಷ್ಟು ಹೇಳ್ರಿ. ಹಿಂದ ಮುಂದ ಆದ್ರೂ ನಡೀತದರಿ.’ ಅಜ್ಜಿಯರಿಗೆ ಆ ಊರಲ್ಲಿ ಅಮ್ಮಾರ, ಆಯಿ ಏನನ್ನುತ್ತಾರೋ ಅದು. ಎರಡು ಸೆಕೆಂಡಿಗೊಂದು ಶಬ್ದ, ಗಡಿಯಾರ ನೋಡಿಯೇ ಓದಿ. ಬೇಗ ಓದಿದ ದಿನದ ಅಂಕ, ನಿಧಾನ ಓದಿದ ದಿನದ ಅಂಕ ಬೇರೆಬೇರೆ ಬರುತ್ತವೆ.

ಪಕ್ಕದಲ್ಲಿ ಕುಳಿತ ಮೊಮ್ಮಗಳು ‘ಹೇಳಬೇ ಆಯಿ, ಕುದುರಿ ಅಂದ್ರಲ್ಲ’ ಎನ್ನದೇ ಬಿಡಳು. ಗದರಿಸಿ ಉಪಯೋಗವಿಲ್ಲ. ಇಬ್ಬರು ಹೋಗಿ; ಒಬ್ಬರು ಪಡಸಾಲೆಯಲ್ಲಿ ಹಿರಿಯರ ಜೊತೆ, ಇನ್ನೊಬ್ಬರು ಹೊರಗಿನ ಕಟ್ಟೆಯ ಮೇಲೆ ಮನೆಯವರಿಗೆ ದಿನನಿತ್ಯದ ಪ್ರಶ್ನೆ ಕೇಳುತ್ತಾ ಕುಳಿತರೆ ಎರಡೂ ಕೆಲಸ ಆಗುತ್ತವೆ. ನಡುವಿನ 20 ನಿಮಿಷದಲ್ಲಿ ಶಬ್ದದ ಕೆಲಸ ಕೊಡಬೇಡಿ. ಕಡ್ಡಿ ಜೋಡಿಸುವುದು, ಕಾಳು ಬೇರ್ಪಡಿಸುವುದು, ಬಿಪಿ ನೋಡುವುದು ಸರಿ. ಚಹಾ ಕುಡಿಯುತ್ತಾ ಮಾತು ಬೆಳೆದು 45 ನಿಮಿಷವಾದರೆ ಆ ಅಂಕ ಕೆಟ್ಟಂತೆ.

ಗುರುತಿಸುವ ಭಾಗದಲ್ಲಿ ಹತ್ತು ಹಳೆ ಶಬ್ದಕ್ಕೆ ಹತ್ತು ಹೊಸದನ್ನು ಬೆರೆಸಿ ‘ಇದು ಇತ್ತಾ?’ ಎನ್ನುತ್ತೇವೆ. ಮರ್ಯಾದೆಗೆ ಎಲ್ಲಕ್ಕೂ ‘ಹೂಂನ್ರಿ’ ಎನ್ನುವವರಿದ್ದಾರೆ. ಸರಿಯಾದ ಹೂಂಗಳಿಂದ ತಪ್ಪು ಹೂಂಗಳನ್ನು ಕಳೆಯಿರಿ. ಇಪ್ಪತ್ತಕ್ಕೂ ಹೂಂ ಎಂದವರಿಗೆ ಸೊನ್ನೆ.

ದಿನ, ತಾರೀಖು ಕೇಳುವಾಗ ಇಂಗ್ಲಿಷ್ ತಿಂಗಳಿಗೇ ಪಟ್ಟು ಹಿಡಿಯಬೇಡಿ. ‘ಶ್ರಾವಣ, ಅಮಾಸಿ ಆಗಿ ಮೂರು ದಿನ’ ಸರಿ ಉತ್ತರ. ಬೆಳಗಾವಿ, ಖಾನಾಪುರದಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಮನೆಮಾತಿನವರಿದ್ದಾರೆ. ರೊಕ್ಕ ಎಣಿಸುವ ಭಾಷೆ ಯಾವುದೋ ಆ ಭಾಷೆಯಲ್ಲಿ ಪರೀಕ್ಷೆ. ಆ ಅಂಕಗಳನ್ನು ಕನ್ನಡದವರ ಕೋಷ್ಟಕಕ್ಕೆ ಸುರಿಯಬೇಡಿ. ಹೆಬ್ಬೆಟ್ಟಿನ ಒಪ್ಪಿಗೆಗೆ ತಂಡದ ಹೊರಗಿನ ಸಾಕ್ಷಿ ಬೇಕು.

ಲೆಕ್ಕ

ಮೂರು ವಯೋಗುಂಪು, ಗಂಡು ಹೆಣ್ಣು, ಓದಿನ ಮೂರು ಹಂತ ಎಂದರೆ ಕೋಷ್ಟಕದಲ್ಲಿ ಹದಿನೆಂಟು ಚೌಕಗಳು. ಚೌಕಕ್ಕೆ 50 ಜನ ಎಂದರೂ 900. ಮುಲ್ಕಿ ಓದಿದ ತೊಂಬತ್ತು ದಾಟಿದ ಹೆಣ್ಣುಮಕ್ಕಳು ಐವತ್ತು ಮಂದಿ ಎಲ್ಲಿಂದ ಬರಬೇಕು? ಅದಕ್ಕೆ ಒಂದರ ಮೇಲೊಂದು ಹಾಯುವ ಗುಂಪು ಮಾಡುತ್ತಾರೆ: 80–86, 83–89, 86–92, 89 ಮತ್ತು ಮೇಲೆ. 87ರ ಅಜ್ಜ ಎರಡು ಗುಂಪಿನಲ್ಲಿ ಎಣಿಕೆಯಾಗುತ್ತಾನೆ. 300 ಜನರಲ್ಲೂ ಗುಂಪುಗಳು ತಕ್ಕಮಟ್ಟಿಗೆ ತುಂಬುತ್ತವೆ. ಒಬ್ಬರೇ ಎರಡು ಕಡೆ ಇರುವುದರಿಂದ ಗುಂಪು ಗುಂಪುಗಳನ್ನು ಪರಸ್ಪರ ಹೋಲಿಸಿ ತೀರ್ಮಾನ ಹೇಳಬಾರದು, ಅಷ್ಟೇ.

ಸರಾಸರಿಯಿಂದ ಎರಡು ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕಳೆದು ಗೆರೆ ಎಳೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಲೆಕ್ಕಕ್ಕೆಂದು ಹೇಳುವುದಾದರೆ, 60 ಜನರ, 20 ನಿಮಿಷದ ನಂತರದ ನೆನಪಿನ ಸರಾಸರಿ 3.1, ವಿಚಲನೆ 2.2 ಎಂದಿರಲಿ. 3.1ರಲ್ಲಿ 4.4 ಕಳೆದರೆ ಮೈನಸ್ 1.3. ಮೈನಸ್ ಅಂಕ ಯಾರೂ ತೆಗೆಯಲಾರರು, ಎಂದರೆ ಯಾರೂ ಎಂದೂ ಫೇಲಾಗಲಾರರು. ಶತಾಂಶ ಬಳಸಿ: ಅಂಕಗಳನ್ನು ಕೆಳಗಿನಿಂದ ಮೇಲೆ ಸಾಲಾಗಿ ಇಟ್ಟು 2, 5, 10, 16, 25, 50ನೇ ಶತಾಂಶ ಗುರುತಿಸಿ. 5ನೇ ಶತಾಂಶ ಎಂದರೆ ನೂರಕ್ಕೆ ಐವರು ಮಾತ್ರ ಅದಕ್ಕಿಂತ ಕೆಳಗಿರುವ ಅಂಕ. ಅದೇ 60ರಲ್ಲಿ ಏಳು ಜನರಿಗೆ ಸೊನ್ನೆ ಬಂದಿದ್ದರೆ ನೂರಕ್ಕೆ ಸುಮಾರು 12 ಜನ ಆರೋಗ್ಯವಂತರಿಗೇ ಸೊನ್ನೆ ಎಂದಾಯಿತು. ಆ ಗುಂಪಿನಲ್ಲಿ ಸೊನ್ನೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಸುಳಿವು ಕೊಟ್ಟ ನೆನಪು, ಗುರುತಿಸುವಿಕೆಯ ಅಂಕವೇ ಕೆಲಸಕ್ಕೆ ಬರುವುದು. ಇನ್ನೊಂದು: 50 ಜನರ ಗುಂಪಿನಲ್ಲಿ 5ನೇ ಶತಾಂಶದ ಕೆಳಗಿರುವವರು ಇಬ್ಬರೋ ಮೂವರೋ. ಗೆರೆ ನಿಂತಿರುವುದು ಆ ಮೂವರ ಮೇಲೆ.

ಮೂರು ಸುತ್ತಿನ ಒಟ್ಟು ಅಂಕ 30ಕ್ಕೆ ಇರುವುದರಿಂದ ಅಂಕ ಸೊನ್ನೆಗೆ ಅಂಟುವುದು ಕಡಿಮೆ. ಅದಕ್ಕೆ ಸಮೀಕರಣ ಹೊಂದಿಸಬಹುದು. ಮತ್ತೆ ಲೆಕ್ಕಕ್ಕೆಂದು: ನಿರೀಕ್ಷಿತ ಅಂಕ = 13 − 0.25 × (ವಯಸ್ಸು − 85) + 0.4 × ಓದಿದ ವರ್ಷ, ಉಳಿಕೆಯ (ಬಂದ ಅಂಕಕ್ಕೂ ನಿರೀಕ್ಷಿತ ಅಂಕಕ್ಕೂ ಇರುವ ಅಂತರದ) ವಿಚಲನೆ 3.5. 88ರ, ಶಾಲೆಗೆ ಹೋಗದ ಅಜ್ಜಿಯ ನಿರೀಕ್ಷೆ 12.25, ಬಂದದ್ದು 7, ಅಂದರೆ ಒಂದೂವರೆ ವಿಚಲನೆ ಕೆಳಗೆ. ಮುಲ್ಕಿ ಪಾಸಾದ 88ರ ಅಜ್ಜನ ನಿರೀಕ್ಷೆ 15.05, ಅವನಿಗೂ 7 ಬಂದರೆ 2.3 ಕೆಳಗೆ. ಅಜ್ಜಿಯನ್ನು ಆರು ತಿಂಗಳು ಬಿಟ್ಟು ನೋಡೋಣ ಎನ್ನಬಹುದು. ಅಜ್ಜನನ್ನು ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಈಗಲೇ ಕಳಿಸಬೇಕು.

ಒಂದೇ ಭೇಟಿಯಲ್ಲಿ ಐದು ಅಂಕ ತೆಗೆದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡಾಗ, ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು 23 ಜನ ಯಾವುದಾದರೂ ಒಂದರಲ್ಲಿ 5ನೇ ಶತಾಂಶದ ಕೆಳಗೆ ಬೀಳುತ್ತಾರೆ. ಅಂಕಗಳ ನಡುವೆ ಸಂಬಂಧವಿದ್ದಷ್ಟೂ ಇದು ಇಳಿಯುತ್ತದೆ. ಒಂದು ಅಂಕ ಕೆಂಪಾದ ಮಾತ್ರಕ್ಕೆ ಮನೆಯವರಿಗೆ ರೋಗದ ಹೆಸರು ಹೇಳಬೇಡಿ.

ಕೋಷ್ಟಕ ಅಚ್ಚಾಗುವ ಕಾರ್ಡಿನ ಹಿಂಬದಿಯಲ್ಲಿ ನಾಲ್ಕು ಸಂಗತಿ ಇರಲಿ: ಯಾವ ವರ್ಷ ಅಳೆದದ್ದು, ಯಾವ ತಾಲೂಕುಗಳು, ಪ್ರತಿ ಗುಂಪಿನಲ್ಲಿ ಎಷ್ಟು ಜನ, ಎಷ್ಟು ಜನ ಒಲ್ಲೆ ಎಂದರು. ಹತ್ತು ವರ್ಷಕ್ಕೆ ಮತ್ತೆ ಅಳೆಯಬೇಕು, ಯಾಕೆಂದರೆ ಆಗ ಎಂಬತ್ತಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಸಾಲಿ ಕಂಡವರು ಈಗಿನವರಿಗಿಂತ ಹೆಚ್ಚಿರುತ್ತಾರೆ, ಈಗಿನ ಗೆರೆ ಅವರಿಗೆ ತೀರ ಕೆಳಗಾಗುತ್ತದೆ.